ಅಡಿಗಲ್ಲು ಒಡೆಯಲ್ಲ, ಹಳಿ ಯಾಕೆ ಮುರಿಯುತ್ತೆ?



ಇವತ್ತು ವಿಧಾನಸೌಧದ ಸುದ್ದಿ ಇಲ್ಲ. ಯಾರು ಯಾರಿಗೆ ಏನಂದ್ರು ಅನ್ನೋದೂ ಇಲ್ಲ. ಇವತ್ತು ಒಂದು ಕಬ್ಬಿಣದ ತುಂಡಿನ ವಿಚಾರ. ರಿಮೋಟ್ ಪಕ್ಕಕ್ಕಿಟ್ಟು ಹತ್ತು-ಹನ್ನೆರಡು ನಿಮಿಷ ಕೊಡಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಮಲಗಿಕೊಂಡು ಬರುವವರು ನೀವಾಗಿದ್ದರೆ, ಇದು ನಿಮ್ಮ ದಿಂಬಿನ ಕೆಳಗಿನ ವಿಚಾರ.

2024ರ ನವೆಂಬರ್. ಶಿಗ್ಗಾವಿ ಉಪಚುನಾವಣೆ. ನಾನು ನಮ್ಮ ಕ್ಯಾಮೆರಾ ಹುಡುಗರ ಜೊತೆ ಬಂಕಾಪುರದಲ್ಲಿದ್ದೆ. ಹೆದ್ದಾರಿಯಲ್ಲಿ ಹೋಗುವವರಿಗೆ ಬಂಕಾಪುರ ಅಂದ್ರೆ ಟೋಲ್ ಗೇಟು. ಒಳಗೆ ಹೋದವರಿಗೆ ಗೊತ್ತು, ಅಲ್ಲೊಂದು ದೊಡ್ಡ ಕೋಟೆ ಇದೆ, ಕೋಟೆಯೊಳಗೆ ನಗರೇಶ್ವರನ ಗುಡಿ ಇದೆ, ಮುಳ್ಳುಕಂಟಿಯ ಮಧ್ಯೆ ನವಿಲುಗಳಿವೆ. ಇಲ್ಲದೇ ಇರೋದು ರೈಲು. ಹುಬ್ಬಳ್ಳಿಯಿಂದ ಹಾವೇರಿಗೆ ಹೋಗೋ ರೈಲು ಕುಂದಗೋಳ, ಗುಡಗೇರಿ, ಯಲವಿಗಿ, ಸವಣೂರು, ಕರ್ಜಗಿ ಅಂತ ಪೂರ್ವದ ಕಡೆಯಿಂದ ಹೋಗುತ್ತೆ. ಬಂಕಾಪುರಕ್ಕೆ ಬರೋದಿಲ್ಲ.

ಆದರೆ ಬಂಕಾಪುರದಲ್ಲಿ ನನಗೆ ಒಂದೂವರೆ ಅಡಿ ರೈಲು ಹಳಿ ಸಿಕ್ಕಿತು. ಕಂಬಾರರ ಕುಲುಮೆಯಲ್ಲಿ. ಎಪ್ಪತ್ತು ದಾಟಿದ ಅಜ್ಜ ಕುಡುಗೋಲು ಬಡೀತಾ ಕೂತಿದ್ದರು. ಅವರ ಅಡಿಗಲ್ಲು ಮೀಟರ್ ಗೇಜ್ ಕಾಲದ ಹಳಿಯ ತುಂಡು. ನಾನು ಮೈಕ್ ಹಿಡಿದು "ಅಜ್ಜಾ, ಈ ಸಲ ಯಾರು ಗೆಲ್ತಾರೆ" ಅಂತ ಕೇಳಿದೆ. ಅವರು ಅದಕ್ಕೆ ಉತ್ತರವನ್ನೇ ಕೊಡಲಿಲ್ಲ.

"ಸಾಹೇಬ್ರ, ನೀವು ಟಿವ್ಯಾಗ ಬರ್ತೀರಲ್ಲ, ನಾ ಒಂದು ಮಾತು ಕೇಳ್ಲೇನು?"

"ಕೇಳಿ ಅಜ್ಜಾ."

"ಇದು ನಮ್ಮಪ್ಪ ತಂದಿದ್ದ ಹಳಿ ತುಂಡು. ಅವ ಬಡದ, ನಾ ಬಡದೆ, ಈಗ ನನ್ ಮಗ ಬಡಿಯಾಕತ್ತಾನ. ಕೂದ್ಲೆಳಿಯಷ್ಟೂ ಸೀಳ ಬಿಟ್ಟಿಲ್ಲ. ಹಂಗಿದ್ದ ಮ್ಯಾಲ ಹಳಿ ಮುರದು ರೈಲ ಬಿತ್ತು ಅಂತ ನೀವು ಹೇಳ್ತಿರ್ತೀರಲ್ಲ, ಅದ್ಹೆಂಗ?"

ಒಂದು ತಿಂಗಳ ಹಿಂದಷ್ಟೇ, ಅಕ್ಟೋಬರ್ 11ರ ರಾತ್ರಿ, ಮೈಸೂರಿನಿಂದ ಹೊರಟ ದರ್ಭಾಂಗ ರೈಲು ಚೆನ್ನೈ ಹತ್ತಿರದ ಕವರೈಪೇಟೆಯಲ್ಲಿ ನಿಂತಿದ್ದ ಗೂಡ್ಸ್‌ಗೆ ಗುದ್ದಿತ್ತು. ಅದು ಹಳಿ ಮುರಿದ ಕೇಸಲ್ಲ, ರೈಲು ತನ್ನ ದಾರಿ ಬಿಟ್ಟು ಪಕ್ಕದ ಲೂಪ್ ಲೈನಿಗೆ ನುಗ್ಗಿದ್ದು. ಆದರೂ ಅವತ್ತು ನಾವೆಲ್ಲ ಏನು ಮಾಡಿದ್ವಿ? ಪರದೆಯ ಕೆಳಗೆ ಕೆಂಪು ಪಟ್ಟಿ ಓಡಿಸಿದ್ವಿ, "ವಿಧ್ವಂಸಕ ಕೃತ್ಯವೇ?" ಅಂತ. ನಾನೂ ಓಡಿಸಿದ್ದೇನೆ, ಬೇರೆಯವರ ಮೇಲೆ ಹಾಕೋದಿಲ್ಲ. ಅಜ್ಜನಿಗೂ ಅದೇ ಉತ್ತರ ಕೊಟ್ಟೆ, ಯಾರಾದ್ರೂ ಕಿತ್ತು ಹಾಕಿರ್ತಾರೆ ಅಂತ. ಅಜ್ಜ ಸುತ್ತಿಗೆ ಎತ್ತಿಕೊಂಡರು. ಅಂದ್ರೆ, ನೀವಿನ್ನು ಹೋಗಬಹುದು ಅಂತ ಅರ್ಥ.

ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಓದಿದೆ, ರೈಲ್ವೆಯಲ್ಲಿ ಹಳಿ ವಿಭಾಗದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ನಿವೃತ್ತ ಎಂಜಿನಿಯರ್ ಒಬ್ಬರ ಜೊತೆ ಎರಡು ದಿನ ಕೂತೆ. ಈಗ ಉತ್ತರ ಇದೆ. ಅಜ್ಜನಿಗೆ ಹೇಳೋ ಹಾಗೆ ನಿಮಗೂ ಹೇಳ್ತೀನಿ.

ಮೊದಲನೇದು, ಅಡಿಗಲ್ಲಿನ ಕೆಳಗೆ ಭೂಮಿ ಗಟ್ಟಿಯಾಗಿ ಕೂತಿದೆ. ನೀವು ಎಷ್ಟೇ ಬಡೀರಿ, ಅದು ಬಾಗೋದಿಲ್ಲ. ಹಳಿ ಹಾಗಲ್ಲ. ಅರುವತ್ತು-ಅರುವತ್ತೈದು ಸೆಂಟಿಮೀಟರಿಗೆ ಒಂದರಂತೆ ಸ್ಲೀಪರ್ ಮೇಲೆ ಕೂತಿರುತ್ತೆ, ಮಧ್ಯೆ ಖಾಲಿ. ಗಾಲಿ ಬಂದಾಗ ಕೆಳಕ್ಕೆ ಬಾಗುತ್ತೆ, ಹೋದಾಗ ಮೇಲೇಳುತ್ತೆ. ಒಂದು ತಂತಿ ತಗೊಂಡು ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ಸ್ವಲ್ಪ ಹೊತ್ತಿಗೆ ಕಟ್ ಆಗುತ್ತಲ್ಲ, ಅದೇ ಕಥೆ. ಹಳಿಯದು ಬಹಳ ಸಣ್ಣ ಬಾಗು, ಆದರೆ ಲೆಕ್ಕವಿಲ್ಲದಷ್ಟು ಸಲ. ಅದಕ್ಕೇ ಹಳಿಯ ಆಯುಷ್ಯವನ್ನ ರೈಲ್ವೆಯವರು ವರ್ಷದಲ್ಲಿ ಎಣಿಸೋದಿಲ್ಲ, ಹೊತ್ತ ಭಾರದಲ್ಲಿ ಎಣಿಸ್ತಾರೆ. ಮೀಟರಿಗೆ 52 ಕೆಜಿ ತೂಗುವ ಹಳಿ 52.5 ಕೋಟಿ ಟನ್ ಹೊತ್ತ ಮೇಲೆ, 60 ಕೆಜಿಯದು 80 ಕೋಟಿ ಟನ್ ಹೊತ್ತ ಮೇಲೆ ಬದಲಾಯಿಸಬೇಕು ಅನ್ನೋದು ಬಹುಕಾಲ ಇದ್ದ ಲೆಕ್ಕ. ಅಜ್ಜನ ಅಡಿಗಲ್ಲು ಮೀಟರಿಗೆ 30 ಕೆಜಿ ಆಸುಪಾಸಿನದು ಇರಬೇಕು.

ಗಾಲಿ ಹಳಿಯನ್ನ ಮುಟ್ಟೋ ಜಾಗ ಎಷ್ಟು ಗೊತ್ತಾ? ಒಂದು ಸಣ್ಣ ನಾಣ್ಯದಷ್ಟು. ಗೂಡ್ಸ್ ವ್ಯಾಗನ್ನಿನ ಒಂದೊಂದು ಗಾಲಿಯ ಹನ್ನೊಂದು ಟನ್ ಭಾರ ಆ ನಾಣ್ಯದಷ್ಟು ಜಾಗದ ಮೇಲೆ ಬೀಳುತ್ತೆ. 2005ರ ಸುಮಾರಿಗೆ ಬಳ್ಳಾರಿ-ಹೊಸಪೇಟೆ ಅದಿರಿನ ಭರಾಟೆ ನೆನಪಿದೆಯಲ್ಲ? ಆಗಲೇ ವ್ಯಾಗನ್ನಿಗೆ ಹೆಚ್ಚು ತುಂಬಲು ಅನುಮತಿ ಸಿಕ್ಕಿತು, ಒಂದು ಆಕ್ಸಲ್ ಮೇಲಿನ ಭಾರ 20.32 ಟನ್‌ನಿಂದ 22.82 ಟನ್‌ಗೆ ಏರಿತು. ರೈಲ್ವೆಗೆ ಲಾಭ ಬಂತು, ಎಲ್ಲರೂ ಹೊಗಳಿದರು. ಹೊಸಪೇಟೆಯಿಂದ ಹುಬ್ಬಳ್ಳಿ ದಾಟಿ, ಕ್ಯಾಸಲ್‌ರಾಕ್‌ನಿಂದ 37ಕ್ಕೆ 1ರ ಇಳಿಜಾರಿನಲ್ಲಿ ಗೋವಾಕ್ಕೆ ಇಳಿಯುವ ಹಳಿಗಳನ್ನ ಮಾತ್ರ ಯಾರೂ ಕೇಳಲಿಲ್ಲ.

ಎರಡನೇದು ಉಕ್ಕು. ಇದನ್ನ ಕಂಬಾರರಿಗೆ ಹೇಳಿಕೊಡೋ ಅಗತ್ಯ ಇಲ್ಲ. ಕುಡುಗೋಲು ಮೆತ್ತಗಾದರೆ ಸವೆಯುತ್ತೆ, ಹದ ಜಾಸ್ತಿಯಾಗಿ ಗಡಸಾದರೆ ಬಾಯಿ ಮುರಿದು ಉದುರುತ್ತೆ. ಹಳಿಯ ಇನ್ನೂರು ವರ್ಷದ ಚರಿತ್ರೆ ಪೂರ್ತಿ ಈ ಜಗಳವೇ. ಮೊದಲು ಎರಕದ ಕಬ್ಬಿಣ, ಅದು ಪಟಪಟ ಮುರಿಯಿತು. ಆಮೇಲೆ ಬಡಿದ ಕಬ್ಬಿಣ, ಅದು ಬೇಗ ಸವೆಯಿತು. ಇಂಗ್ಲೆಂಡಿನ ಡರ್ಬಿ ಸ್ಟೇಷನ್ನಿನ ಒಂದು ಜಾಗದಲ್ಲಿ ಮೂರು ತಿಂಗಳಿಗೆ, ಆರು ತಿಂಗಳಿಗೆ ಹಳಿ ಬದಲಾಯಿಸಬೇಕಾಗಿತ್ತು. 1857ರಲ್ಲಿ ರಾಬರ್ಟ್ ಮುಶೆಟ್ ಅನ್ನೋರು ಅದೇ ಜಾಗಕ್ಕೆ ಉಕ್ಕಿನ ಹಳಿ ಹಾಕಿಸಿದರು. ಅದು 1873ರ ತನಕ ಬಾಳಿತು. ಅಲ್ಲಿಂದ ಕಬ್ಬಿಣದ ಹಳಿಯ ಕಾಲ ಮುಗೀತು.

ನಡುವೆ ಒಂದು ತಮಾಷೆ. ಹಳಿಗೆ ಮೇಲೆ ಕೆಳಗೆ ಎರಡೂ ಕಡೆ ತಲೆ ಮಾಡೋಣ, ಒಂದು ಕಡೆ ಸವೆದರೆ ದೋಸೆ ತರ ಮಗುಚಿ ಹಾಕೋಣ ಅಂತ ಬ್ರಿಟಿಷರು ಜಾಣತನ ಮಾಡಿದ್ದರು. ಮಗುಚಿ ನೋಡಿದರೆ, ಕೆಳಗಿನ ತಲೆ ಕೂತ ಜಾಗದಲ್ಲೆಲ್ಲ ಜಜ್ಜಿ ಗುಳಿ ಬಿದ್ದಿತ್ತು. ಯೋಜನೆ ಅಲ್ಲಿಗೇ ಸಾಕಾಯಿತು. ಈಗಿನ ಹಳಿಗೆ ಮೇಲೆ ದಪ್ಪ ತಲೆ, ನಡುವೆ ತೆಳು ಸೊಂಟ, ಕೆಳಗೆ ಅಗಲ ಪಾದ.

ನಮ್ಮ ದೇಶದ ಬಹುಪಾಲು ಹಳಿ ಛತ್ತೀಸ್‌ಗಢದ ಭಿಲಾಯಿ ಉಕ್ಕಿನ ಕಾರ್ಖಾನೆಯಿಂದ ಬರುತ್ತೆ. ಹಿಂದೆ ಅದರ ಒಂದು ಚದರ ಮಿಲಿಮೀಟರ್ ಎಳೆದು ಹರಿಯಲು 72 ಕೆಜಿ ಬೇಕಿತ್ತು, ಆಮೇಲೆ 90 ಕೆಜಿಯ ಉಕ್ಕು ಬಂತು. ಅಂದ್ರೆ ಬೆಂಕಿಕಡ್ಡಿ ದಪ್ಪದ ತುಂಡಿಗೆ ಮುನ್ನೂರೈವತ್ತು ಕೆಜಿಯ ಎಮ್ಮೆಯನ್ನ ತೂಗುಹಾಕಬಹುದು! ಈಗ ತಲೆಯನ್ನಷ್ಟೇ ಕಾಯಿಸಿ ತಣಿಸಿ ಗಡಸು ಮಾಡಿ, ಪಾದವನ್ನ ಹದವಾಗಿ ಬಿಟ್ಟ ಹಳಿಗಳೂ ತಯಾರಾಗ್ತಿವೆ. ಕುಡುಗೋಲಿನ ಬಾಯಿಗೆ ಮಾತ್ರ ಹದ ಕೊಡೋದಿಲ್ವಾ, ಹಾಗೆ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಂಥ ತಿರುವುಗಳಲ್ಲಿ ಹೊರಗಿನ ಹಳಿಯ ಪಕ್ಕೆಯನ್ನ ಗಾಲಿ ಉಜ್ಜಿ ತಿನ್ನುತ್ತೆ. ಇಂಥ ಹಳಿಯ ಬೆಲೆ ಗೊತ್ತಾಗೋದು ಅಲ್ಲಿ.

ಉಕ್ಕಿಗೆ ಒಂದು ಗುಪ್ತ ಶತ್ರು ಇದೆ. ಜಲಜನಕ. ಕರಗಿದ ಉಕ್ಕು ತೇವದ ಗಾಳಿಯಿಂದ, ತೇವದ ಸುಣ್ಣದಿಂದ ಜಲಜನಕವನ್ನ ಹೀರಿಕೊಳ್ಳುತ್ತೆ. ತಣ್ಣಗಾಗುವಾಗ ಅದಕ್ಕೆ ಹೊರಗೆ ಹೋಗಲು ದಾರಿ ಇಲ್ಲ, ಒಳಗೇ ಕೂತು ಸೂಕ್ಷ್ಮ ಸೀಳು ಮಾಡುತ್ತೆ. ಹೊರಗಿನಿಂದ ಹಳಿ ಫಳಫಳ, ಒಳಗೆ ಹುಳುಕು. ಮಾವಿನಹಣ್ಣಿನ ತರ. ಈಗ ನಿರ್ವಾತದಲ್ಲಿಟ್ಟು ಅದನ್ನ ಎಳೆದು ತೆಗೀತಾರೆ. ಒಂದು ಟನ್ ಉಕ್ಕಿನಲ್ಲಿ 1.6 ಗ್ರಾಂಗಿಂತ ಹೆಚ್ಚು ಇರಬಾರದು ಅನ್ನೋದು ಕಟ್ಟಳೆ. ಒಂದು ಟನ್ನಿಗೆ ಒಂದೂವರೆ ಗ್ರಾಂ, ವೀಕ್ಷಕರೇ.

ಮೂರನೇದು, ಅಜ್ಜನ ಪ್ರಶ್ನೆಗೆ ನಿಜವಾದ ಉತ್ತರ. ಅಡಿಗಲ್ಲಿಗೆ ಬೆಸುಗೆ ಇಲ್ಲ.

ಮೊದಲು ರೈಲಿನಲ್ಲಿ ಕೂತರೆ ಟಕ-ಟಕ, ಟಕ-ಟಕ ಅಂತ ಸದ್ದು ಬರ್ತಿತ್ತಲ್ಲ? ಮಕ್ಕಳು ಆ ಸದ್ದಿಗೇ ನಿದ್ದೆ ಹೋಗ್ತಿದ್ದವು. ಅದು ಕೀಲಿನ ಸದ್ದು. ಹಳಿ 13 ಮೀಟರಿನ ತುಂಡುಗಳಾಗಿ ಬರ್ತಿತ್ತು, ಎರಡು ತುಂಡಿನ ಮಧ್ಯೆ ಸಂದು ಬಿಟ್ಟು ಪಕ್ಕಕ್ಕೆ ಪಟ್ಟಿ ಇಟ್ಟು ಬೋಲ್ಟ್ ಬಿಗೀತಿದ್ರು. ಒಂದು ಕಿಲೋಮೀಟರಿಗೆ ಎರಡೂ ಬದಿ ಸೇರಿ ನೂರೈವತ್ತಕ್ಕೂ ಹೆಚ್ಚು ಕೀಲು. ಪ್ರತಿ ಗಾಲಿಯೂ ಪ್ರತಿ ಕೀಲಿನಲ್ಲೂ ಸುತ್ತಿಗೆ ಏಟು ಹೊಡೀತಿತ್ತು. ಹಳಿ ಸೀಳೋದೂ ಬೋಲ್ಟಿನ ತೂತಿನಿಂದಲೇ. ಈಗ ಕಾರ್ಖಾನೆಯಿಂದಲೇ 260 ಮೀಟರ್ ಉದ್ದದ ಹಳಿ ಬರುತ್ತೆ, ಸಾಲು ವ್ಯಾಗನ್ನಿನ ಮೇಲೆ ಸೊಪ್ಪಿನ ದಂಟಿನ ಹಾಗೆ ಬಳುಕುತ್ತಾ. ಆಗ ಕಿಲೋಮೀಟರಿಗೆ ಎರಡೂ ಬದಿ ಸೇರಿ ಎಂಟು ಕೀಲು. ಅವನ್ನೂ ಜಾಗದಲ್ಲೇ ಬೆಸೀತಾರೆ.

ಆ ಬೆಸುಗೆ ನೋಡೋಕೆ ದೀಪಾವಳಿ. ಅಲ್ಯೂಮಿನಿಯಂ ಪುಡಿ, ಕಬ್ಬಿಣದ ಆಕ್ಸೈಡ್ ಪುಡಿ ಬೆರೆಸಿ ಬೆಂಕಿ ಕೊಟ್ಟರೆ ಕರಗಿದ ಉಕ್ಕು ಸುರಿಯುತ್ತೆ. ಜರ್ಮನಿಯ ಹಾನ್ಸ್ ಗೋಲ್ಡ್‌ಶ್ಮಿಟ್ 1895ರಲ್ಲಿ ಪೇಟೆಂಟ್ ಮಾಡಿದ ವಿದ್ಯೆ. ಚೆಂದ ಇದೆ, ಸುಲಭ ಇದೆ. ಆದರೆ ಕಾರ್ಖಾನೆಯಲ್ಲಿ ಕರೆಂಟ್ ಹಾಯಿಸಿ ಒತ್ತಿ ಮಾಡೋ ಬೆಸುಗೆಯಷ್ಟು ಗಟ್ಟಿ ಅಲ್ಲ. ಅಚ್ಚು ತೇವ ಇದ್ದರೆ ಕೆಟ್ಟಿತು, ಮೊದಲು ಹಳಿಯನ್ನ ಸರಿಯಾಗಿ ಕಾಯಿಸದಿದ್ದರೆ ಕೆಟ್ಟಿತು, ತಣ್ಣಗಾಗುವ ಮೊದಲೇ ರೈಲು ಬಿಟ್ಟರೆ ಕೆಟ್ಟಿತು. ಇಷ್ಟನ್ನೂ ಮಾಡೋದಕ್ಕೆ ಸಿಗೋದು ಎರಡು ರೈಲಿನ ಮಧ್ಯದ ಬಿಡುವು. ಎಕ್ಸ್‌ಪ್ರೆಸ್ ತಡವಾದರೆ ನಾವು ಸ್ಟೇಷನ್ ಮಾಸ್ಟರ್ ಮೇಲೆ ಹಾರಾಡ್ತೀವಲ್ಲ, ಆ ಅವಸರ ಹೋಗಿ ಕೂರೋದು ಈ ಬೆಸುಗೆಯ ಮೇಲೆ.

ನಾಲ್ಕನೇದು ಬಿಸಿಲು-ಚಳಿ. ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸೋದನ್ನ ನೋಡಿದ್ದೀರಾ? ಅದಕ್ಕೂ ಹಳಿ ಅಂತಲೇ ಹೆಸರು. ಕೆಂಪಗೆ ಕಾಯಿಸಿದಾಗ ಹಿಗ್ಗುತ್ತೆ, ಗಾಲಿಗೆ ಕೂಡಿಸಿ ನೀರು ಸುರಿದರೆ ಚುಯ್ ಅಂತ ಕುಗ್ಗಿ ಕಚ್ಚಿಕೊಳ್ಳುತ್ತೆ. ರೈಲಿನ ಹಳಿಯೂ ಹಾಗೇ. ಬೇಸಿಗೆ ಮಧ್ಯಾಹ್ನ ಅದರ ಮೈ 60 ಡಿಗ್ರಿ ಮುಟ್ಟುತ್ತೆ, ಮಾಗಿ ಚಳಿಯ ಬೆಳಗಿನ ಜಾವ 15ಕ್ಕೆ ಇಳಿಯುತ್ತೆ. ಒಂದು ಕಿಲೋಮೀಟರ್ ಹಳಿಯನ್ನ ಬಿಡುಬೀಸಾಗಿ ಬಿಟ್ಟರೆ ಅರ್ಧ ಮೀಟರಿಗೂ ಹೆಚ್ಚು ಹಿಗ್ಗಿ ಕುಗ್ಗುತ್ತೆ. ಬೆಸೆದ ಹಳಿಗೆ ಆ ಸ್ವಾತಂತ್ರ್ಯ ಇಲ್ಲ. ಕಾಂಕ್ರೀಟ್ ಸ್ಲೀಪರ್‌ಗೆ ಬಗ್ಗಿಸಿದ ಉಕ್ಕಿನ ಕ್ಲಿಪ್ಪಿನಿಂದ ಬಿಗಿದು, ಜಲ್ಲಿಯಲ್ಲಿ ಹೂತು ಕೂರಿಸಿರ್ತಾರೆ. ಒಳಗೆ ಬಲ ತುಂಬಿಕೊಳ್ಳುತ್ತೆ, ಒಂದು ಡಿಗ್ರಿಗೆ ಹೆಚ್ಚುಕಮ್ಮಿ ಎರಡು ಟನ್. ಅದಕ್ಕೇ ಒಂದು ನಡುವಿನ ಉಷ್ಣಾಂಶ ನೋಡಿಕೊಂಡು ಬಿಗೀತಾರೆ. ಬಿಸಿಲಲ್ಲಿ ಹಳಿ ಹಾವಿನ ತರ ಹೊರಳಬಾರದು, ಚಳಿಯಲ್ಲಿ ಎಳೆದು ಹರಿಯಬಾರದು. ಬೆಸುಗೆಯಲ್ಲಿ ಸಣ್ಣ ಊನ ಇದ್ದರೆ ಅದು ಬಾಯಿ ಬಿಡೋದು ಚಳಿಯಲ್ಲಿ, ನಾವೆಲ್ಲ ಹೊದ್ದು ಮಲಗಿದ ಹೊತ್ತಿನಲ್ಲಿ.

ಇದರ ಮೇಲೆ ಕುಂದಗೋಳ-ಗುಡಗೇರಿ ಕಡೆಯ ಎರಿಭೂಮಿ ಬೇರೆ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬಿ ಕೆಸರು. ಈ ಮಣ್ಣಿನ ಮೇಲೆ ಮನೆ ಕಟ್ಟಿದವರಿಗೆ ಗೋಡೆಯ ಕಥೆ ಗೊತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹಗುರ ರೈಲಿಗೆ ಅಂತ ಇಲ್ಲಿ ಮೀಟರ್ ಗೇಜ್ ಹಾಕಿದರು, 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು, ಈಗ ಜೋಡಿ ಹಳಿ. ಹಳಿ ಎಷ್ಟೇ ಒಳ್ಳೆಯದಿರಲಿ, ಕೆಳಗಿನ ಮಣ್ಣು ಕೂತರೆ ಅದು ತೂಗುತ್ತೆ, ತೂಗಿದರೆ ಹೆಚ್ಚು ಬಾಗುತ್ತೆ.

ಈಗ ಎರಡು ಅಪಘಾತ ಹೇಳ್ತೀನಿ. 1998ರ ನವೆಂಬರ್ 26, ಪಂಜಾಬಿನ ಖನ್ನಾ. ಬೆಳಗಿನ ಜಾವ, ಚಳಿ. ಹಳಿ ಮುರಿದು ಗೋಲ್ಡನ್ ಟೆಂಪಲ್ ಮೇಲ್‌ನ ಬೋಗಿಗಳು ಪಕ್ಕದ ಹಳಿಗೆ ಬಿದ್ದವು. ಎದುರಿನಿಂದ ಜಮ್ಮುತಾವಿ-ಸಿಯಾಲ್ದಾ ಎಕ್ಸ್‌ಪ್ರೆಸ್ ಬಂತು. 212 ಜನ ಸತ್ತರು. ಬಾಂಬ್ ಇರಲಿಲ್ಲ, ಯಾರೂ ಕಿತ್ತಿರಲಿಲ್ಲ.

ಇನ್ನೊಂದು 2000ನೇ ಇಸವಿ ಅಕ್ಟೋಬರ್ 17, ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್. ರೈಲು ಹೋಗುವಾಗ ಹಳಿ ಮುನ್ನೂರಕ್ಕೂ ಹೆಚ್ಚು ಚೂರಾಯಿತು. ನಾಲ್ವರು ಸತ್ತರು. ಹಳಿಯ ತಲೆಯ ಅಂಚಿನಲ್ಲಿ ಕೂದಲಿನಂಥ ಸೀಳುಗಳಿದ್ದವು. ಅವು ಇವೆ ಅಂತ ಮೊದಲೇ ಗೊತ್ತಿತ್ತು! ಬದಲಾಯಿಸುವ ಹಳಿಯೂ ತಯಾರಿತ್ತು, ಜಾಗಕ್ಕೆ ಹಾಕಿರಲಿಲ್ಲ. ಆಮೇಲೆ ಭಯ ಬಿದ್ದು ದೇಶದ ತುಂಬ 1,200ಕ್ಕೂ ಹೆಚ್ಚು ಕಡೆ ರೈಲಿನ ವೇಗ ಇಳಿಸಿದರು. ಖಾಸಗಿಯವರ ಕೈಲಿದ್ದ ಆ ಹಳಿ ಕಂಪನಿ ಕೊನೆಗೆ ಮುಳುಗಿತು.

ಇಲ್ಲೊಂದು ವಿಚಿತ್ರ ಇದೆ. ಹಳೆಯ ಮೆತ್ತನೆ ಹಳಿ ಬೇಗ ಸವೆಯುತ್ತಿತ್ತು, ಸವೆಯುವಾಗ ಮೇಲಿನ ಸಣ್ಣ ಸೀಳುಗಳೂ ಅಳಿಸಿ ಹೋಗ್ತಿದ್ದವು. ಗಡಸು ಹಳಿ ಸವೆಯೋದಿಲ್ಲ, ಹಾಗಾಗಿ ಸೀಳು ಅಲ್ಲೇ ಉಳಿದು ಒಳಕ್ಕೆ ಇಳಿಯುತ್ತೆ. ಅದಕ್ಕೆ ಈಗ ಯಂತ್ರದಿಂದ ಹಳಿಯ ತಲೆಯನ್ನ ಕೂದಲೆಳೆಯಷ್ಟು ಸಾಣೆ ಹಿಡೀತಾರೆ. ಒಳ್ಳೇ ಹಳಿ ತಂದ್ವಿ, ಇನ್ನು ನಿಶ್ಚಿಂತೆ ಅಂತ ಕೂರೋ ಹಾಗಿಲ್ಲ. ಹಳಿ ಒಳ್ಳೆಯದಾದಷ್ಟೂ ಅದನ್ನ ಹೆಚ್ಚು ಸೂಕ್ಷ್ಮವಾಗಿ ನೋಡಬೇಕು. ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಆಶ್ಚರ್ಯ ತಂದಿದ್ದು ಇದೇ.

ನೋಡ್ತಿದ್ದೀವಾ? 2022ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಸಿಎಜಿ ವರದಿ ಬಂತು. 2017-18ರಿಂದ 2020-21ರವರೆಗೆ ರೈಲು ಹಳಿ ತಪ್ಪಿದ ತನಿಖೆಗಳನ್ನ ಓದಿ ಬರೆದದ್ದು. ಎಂಜಿನಿಯರಿಂಗ್ ವಿಭಾಗದ ಲೆಕ್ಕಕ್ಕೆ ಬಂದಿದ್ದು 422 ಪ್ರಕರಣ, ಅದರಲ್ಲಿ 171ಕ್ಕೆ ಕಾರಣ ಹಳಿಯ ನಿರ್ವಹಣೆ. ಹಳಿಯ ಸ್ಥಿತಿ ಅಳೆಯುವ ಬೋಗಿಗಳು ಓಡಬೇಕಾದಷ್ಟು ಓಡಿರಲಿಲ್ಲ. ಹಳಿ ಬದಲಾವಣೆಗೆ ಕೊಟ್ಟ ಹಣ 2018-19ರಲ್ಲಿ 9,607.65 ಕೋಟಿ ರೂಪಾಯಿ, ಮರುವರ್ಷ 7,417 ಕೋಟಿಗೆ ಇಳಿಯಿತು. ಕೊಟ್ಟಿದ್ದನ್ನೂ ಪೂರ್ತಿ ಖರ್ಚು ಮಾಡಿರಲಿಲ್ಲ. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ದೊಡ್ಡ ರೈಲು ಅಪಘಾತಗಳು 2014-15ರಲ್ಲಿ 135 ಇದ್ದದ್ದು 2023-24ರಲ್ಲಿ 40ಕ್ಕೆ ಇಳಿದಿವೆ. ಉದ್ದ ಹಳಿ, ಶುದ್ಧ ಉಕ್ಕು, ಶಬ್ದತರಂಗದಿಂದ ಒಳಗಿನ ಸೀಳು ಹುಡುಕುವ ಯಂತ್ರ, ಇವುಗಳ ಪಾಲು ಅದರಲ್ಲಿದೆ. ಹಾಗಂತ ವಂದೇ ಭಾರತಕ್ಕೆ ಹಸಿರು ಬಾವುಟ ತೋರಿಸೋದನ್ನ ನಾನು ನೇರ ಪ್ರಸಾರ ಮಾಡಿದ್ದೇನೆ, ಸಂಸದರ ಭಾಷಣದ ಸಮೇತ. ಹಳಿ ಬದಲಾಯಿಸೋದನ್ನ ಒಂದು ಸಲವೂ ತೋರಿಸಿಲ್ಲ. ಅಲ್ಲಿಗೆ ಯಾವ ಸಂಸದರೂ ಬರೋದಿಲ್ಲ, ನಾವೂ ಹೋಗೋದಿಲ್ಲ.

ಹೀಗಂತ ನಾನೇ ಹೇಳಿದ ಮೇಲೆ ಹೋಗದೇ ಇರೋದು ಹೇಗೆ? ಜನವರಿಯಲ್ಲಿ ಕ್ಯಾಮೆರಾ ತಗೊಂಡು ಮತ್ತೆ ಹೋದೆ. ಸವಣೂರು ತಾಲ್ಲೂಕು, ಒಂದು ಲೆವೆಲ್ ಕ್ರಾಸಿಂಗ್ ಗೇಟು, ಬೆಳಗಿನ ಜಾವ. ಮಂಜು. ಹಳಿಗುಂಟ ಒಬ್ಬ ಕೀಮ್ಯಾನ್ ನಡೆದು ಬಂದ. ಹಿಂದೆ ಹಳಿಯನ್ನ ಬಿಗಿಯುತ್ತಿದ್ದ ಬೆಣೆಗೆ ಕೀ ಅನ್ನುತ್ತಿದ್ದರು, ಬೆಣೆ ಹೋಗಿ ಕ್ಲಿಪ್ ಬಂದರೂ ಹೆಸರು ಉಳಿದಿದೆ. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್, ಕೆಂಪು-ಹಸಿರು ಬಾವುಟ, ಚೀಲದಲ್ಲಿ ಹಳಿಗೆ ಕಟ್ಟೋ ಪಟಾಕಿ. ಹಳಿ ಮುರಿದದ್ದು ಕಂಡರೆ ಓಡಿಹೋಗಿ ದೂರದಲ್ಲಿ ಕಟ್ಟಬೇಕು, ಎಂಜಿನ್ ಅದರ ಮೇಲೆ ಹರಿದು ಢಂ ಅಂದರೆ ಡ್ರೈವರ್ ಬ್ರೇಕ್ ಹಾಕ್ತಾನೆ. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ಜೋಡಿ ಹಳಿಯಾದ ಮೇಲೆ ಎದುರಿನ ರೈಲಿನ ಸದ್ದಿನಲ್ಲಿ ಹಿಂದಿನ ರೈಲು ಕೇಳದೇ ಸತ್ತವರಿದ್ದಾರೆ.

ನಾನು ಗೇಟಿನ ಹೊರಗೆ ನಿಂತು ಕೇಳಿದೆ, "ಅಣ್ಣಾ, ಎರಡು ಮಾತು ಹೇಳ್ತೀರಾ ಟಿವಿಗೆ?"

ಅವನು ನಿಲ್ಲಲಿಲ್ಲ. "ಈಗ ಆಗೂದಿಲ್ರಿ ಸರ, ಇವತ್ತ ಥಂಡಿ ಭಾಳ ಐತಿ. ಆ ಬೆಸಿಗಿ ಒಂದು ನೋಡ್ಕೊಂಡ ಬರ್ತೇನಿ" ಅಂದ.

ಇನ್ನೂರು ಹೆಜ್ಜೆ ಮುಂದೆ ಹೋಗಿ ಮಂಡಿಯೂರಿದ. ಹಳಿಯ ಪಕ್ಕೆಗೆ ಟಾರ್ಚ್ ಹಿಡಿದು, ಬರಿಗೈಯಲ್ಲಿ ಬೆಸುಗೆಯ ಕೆಳಗೆ ಸವರಿ ನೋಡಿದ. ಎದ್ದು ಕೈ ಒರೆಸಿಕೊಂಡು, ಗೇಟಿನವನಿಗೆ ಹಸಿರು ಬಾವುಟ ಎತ್ತಿ ತೋರಿಸಿ ಮಂಜಿನೊಳಗೆ ಹೋದ. ಸ್ವಲ್ಪ ಹೊತ್ತಿಗೆ ಹುಬ್ಬಳ್ಳಿ ಕಡೆಗೆ ಒಂದು ರೈಲು ಹೋಯಿತು. ಕಿಟಕಿಗಳೆಲ್ಲ ಮುಚ್ಚಿದ್ದವು.